ಮೊಟ್ಟೆ ಟ್ರೇಯಲ್ಲಿ ನಾನೂರ ಹನ್ನೆರಡು ವೀರರು

ವೆಂಡೆಲ್ ಪೌಟ್ಜ್ ಹನ್ನೊಂದು ಶನಿವಾರದಲ್ಲಿ ಹನ್ನೆರಡು ಸಲ ಸತ್ತಿದ್ರು. ಅಂದ್ರೆ ಅವರಲ್ಲ, ಅವರ ವೀರರು! ಒಂದು ಶನಿವಾರ ಮಾತ್ರ ಎರಡು ಸಲ, ಸಾಸೇಜ್ ತಿನ್ನೋಕೆ ಮುಂಚೆ ಒಂದು, ತಿಂದಾದ್ಮೇಲೆ ಇನ್ನೊಂದು. ಒಬ್ಬ ವೀರ ಹಳ್ಳಕ್ಕೆ ಬಿದ್ದ. ಒಬ್ಬನ್ನ ಇಲಿ ಕಚ್ಚಿತು. ಇನ್ನೊಬ್ಬ ಬಾಗಿಲು ತಳ್ಳಿದ, ಬಾಗಿಲೇ ಅವನ ಮೇಲೆ ಬಿತ್ತು, ಒಳಗೆ ರಾಕ್ಷಸ ಇದ್ದಾನೋ ಇಲ್ವೋ ಅನ್ನೋದೂ ಗೊತ್ತಾಗ್ಲಿಲ್ಲ ಪಾಪ.

ಇದೆಲ್ಲ ನಡೀತಿದ್ದಿದ್ದು ಶೆಬಾಯ್ಗನ್ ಅನ್ನೋ ಊರಲ್ಲಿ, ಎಪ್ಪತ್ತೈದನೇ ಇಸವಿ, ನಾರ್ಬರ್ಟ್ ಜಿಕ್ ಮನೆ ನೆಲಮಾಳಿಗೇಲಿ. ಒಂದು ಕಡೆ ಮನೆ ಬೆಚ್ಚಗಿಡೋ ಬಾಯ್ಲರ್, ಇನ್ನೊಂದು ಕಡೆ ವಾಷಿಂಗ್ ಮೆಷಿನ್, ಮಧ್ಯ ಟೇಬಲ್ ಟೆನಿಸ್ ಮೇಜು, ಸುತ್ತ ಎಂಟು ಮಡಚೋ ಕುರ್ಚಿ. ಅದೇ ಮೇಜಿನ ಮೇಲೆ ವರ್ಷಗಟ್ಟಲೆ ತವರದ ಸೈನಿಕರನ್ನ ನಿಲ್ಲಿಸಿ ಯುದ್ಧ ಆಡ್ತಿದ್ದೋರು, ಹೊಸ ಆಟ ಬಂದಿದ್ದೇ ತಡ ಸೈನ್ಯಾನೆಲ್ಲ ಶೂ ಡಬ್ಬಕ್ಕೆ ತುಂಬಿಬಿಟ್ರು. ಹೊಸ ಆಟದಲ್ಲಿ ಸೈನ್ಯ ಇಲ್ಲ, ತಲೆಗೊಬ್ಬ ವೀರ. ಮೂರು ದಾಳ ಹಾಕ್ಬೇಕು, ಬಂದಷ್ಟು ಅವನ ಶಕ್ತಿ. ಮತ್ತೆ ಹಾಕಿದ್ರೆ ಬುದ್ಧಿ. ಹಿಂಗೇ ವಿವೇಕ, ತಾಳಿಕೆ, ಚುರುಕು, ಕೊನೇಲಿ ಮೋಡಿ, ಅಂದ್ರೆ ಎದುರಿಗಿರೋರ ಮನಸ್ಸು ಗೆಲ್ಲೋ ಗುಣ. ಮೂರು ಬಂದ್ರೆ ಗೋವಿಂದ, ಹದಿನೆಂಟು ಬಂದ್ರೆ ಸಿಂಹ. ಅದನ್ನೊಂದು ಕಾರ್ಡ್ ಮೇಲೆ ಬರ್ಕೊಂಡು, ನಾರ್ಬರ್ಟ್ ಹೇಳೋ ಗುಹೆಗೆ ಬಾಯ್ಮಾತಲ್ಲೇ ಇಳಿಯೋದು. ನಾನು ಆಗ ಕಾಲೇಜ್ ಮೊದಲನೇ ವರ್ಷ, ಎಲ್ಲರಿಗಿಂತ ಚಿಕ್ಕವಳು, ನನ್ನ ಕುರ್ಚಿ ವೆಂಡೆಲ್ ಪಕ್ಕದಲ್ಲೇ. ಹಂಗಾಗಿ ಹನ್ನೆರಡೂ ಸಾವು ಕಣ್ಣಾರೆ ನೋಡಿದ್ದೀನಿ!

ವೆಂಡೆಲ್‌ಗೆ ದಾಳ ಅಂದ್ರೆ ಶನಿ. ಯಾವಾಗ ಹಾಕಿದ್ರೂ ಆರು, ಏಳು, ಐದು. ಅವರ ವೀರರು ಕತ್ತಿ ಎತ್ತೋಕೂ ಯಾರಾದ್ರೂ ಕೈ ಜೋಡಿಸ್ಬೇಕು. ಸತ್ತೋರ ಹೆಸರೆಲ್ಲ ನಾರ್ಬರ್ಟ್ ಬಾಯ್ಲರ್ ಮೇಲೆ ಸೀಮೆಸುಣ್ಣದಲ್ಲಿ ಬರೀತಿದ್ರು, ಮೇಲಿಂದ ಕೆಳಗಿನ ತನಕ ಬರೀ ವೆಂಡೆಲ್ ಮನೆತನವೇ.

ಹನ್ನೆರಡನೆಯವನು ಹೋದ ದಿನ ನಾರ್ಬರ್ಟ್ ಸೀಮೆಸುಣ್ಣ ಕೆಳಗಿಟ್ಟು ಗಂಟಲು ಸರಿ ಮಾಡ್ಕೊಂಡ್ರು.

"ನೋಡು ವೆಂಡೆಲ್, ಬೇಜಾರ್ ಮಾಡ್ಕೋಬೇಡ. ನಮ್ಮ ಬಾಮೈದ ಡ್ವೇನ್ ಎರಡು ತಿಂಗಳಿಂದ ಪ್ರಾಣ ತಿಂತಿದ್ದಾನೆ, ಆಟಕ್ಕೆ ಸೇರಿಸ್ಕೋ ಅಂತ. ಇರೋದು ಎಂಟೇ ಕುರ್ಚಿ. ಜಿಂಕೆ ಬೇಟೆಗೆ ಹೋಗಿದ್ದಾನೆ, ಸೀಸನ್ ಮುಗಿದ ಶನಿವಾರ ಬರ್ತಾನೆ. ಅವತ್ತು ನಿನ್ನ ಹದಿಮೂರನೆಯವನೂ ಸತ್ರೆ, ಕುರ್ಚಿ ಅವನಿಗೆ."

"ಬದುಕಿದ್ರೆ?"

ಇಡೀ ಮೇಜು ಬಿದ್ದೂ ಬಿದ್ದೂ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ವೆಂಡೆಲ್ ಮುಖ ನೋಡಿ ನಗು ಅಲ್ಲೇ ನಿಂತೋಯ್ತು. ಯಾಕಂದ್ರೆ ಅವರ ಕೆಲಸ ಏನು ಗೊತ್ತಾ? ಊರಾಚೆ ಮೊಟ್ಟೆ ಶೆಡ್‌ನಲ್ಲಿ, ಕತ್ತಲೆ ಕೋಣೇಲಿ, ಒಂದು ಬಲ್ಬ್ ಮುಂದೆ ಒಬ್ರೇ ನಿಂತ್ಕೊಂಡು ಒಂದೊಂದೇ ಮೊಟ್ಟೆ ಹಿಡಿದು ನೋಡೋದು. ಬಿರುಕಿದ್ಯಾ, ರಕ್ತದ ಚುಕ್ಕೆ ಇದ್ಯಾ, ದೊಡ್ಡದಾ ಚಿಕ್ಕದಾ. ಇಪ್ಪತ್ತೆರಡು ವರ್ಷ! ವಾರದಲ್ಲಿ ಐದು ದಿನ, ಕೆಲಸದ ಹೊತ್ತೆಲ್ಲ ಮಾತಾಡೋಕೆ ಮೊಟ್ಟೆ ಬಿಟ್ರೆ ನರಪಿಳ್ಳೆ ಇಲ್ಲ. ಶನಿವಾರದ ಆ ಕುರ್ಚಿ ಹೋದ್ರೆ ಅವರ ಮಾತೇ ಹೋದ ಹಂಗೆ.

ಸೋಮವಾರ ಬಲ್ಬ್ ಮುಂದೆ ನಿಂತಾಗಲೇ ಅವರಿಗೆ ಅದು ಹೊಳೆದಿದ್ದು. ಕೋಳಿಗೆ "ದೊಡ್ಡದು ಇಡು" ಅಂತ ಯಾರೂ ಬೇಡ್ಕೊಳ್ಳಲ್ಲ. ಸಾವಿರ ಮೊಟ್ಟೆ ಬರ್ಲಿ, ದೊಡ್ಡದನ್ನ ಆರಿಸ್ಕೊಂಡ್ರೆ ಆಯ್ತು! ದಾಳಕ್ಕೂ ಅಷ್ಟೇ ಅಲ್ವಾ?

ಅವತ್ತು ಮನೆಗೆ ಹೋದೋರೇ ಅಡುಗೆಮನೆ ಮೇಜಿನ ಮೇಲೆ ದಾಳ ಹಾಕೋಕೆ ಶುರು ಮಾಡಿದ್ರು. ಹಾಕೋದು, ಬರಿಯೋದು, ಹಾಕೋದು, ಬರಿಯೋದು. ಶುಕ್ರವಾರದ ಹೊತ್ತಿಗೆ ನಾನೂರ ಹನ್ನೆರಡು ವೀರರು! ಒಬ್ಬೊಬ್ಬನದೂ ಒಂದು ಕಾರ್ಡ್, ಸುರುಳಿ ಸುತ್ತಿ ಮೊಟ್ಟೆ ಟ್ರೇ ಗುಳಿಗಳಲ್ಲಿ ನಿಲ್ಲಿಸಿದ್ದು. ಟ್ರೇ ಮೇಲೆ ಚೀಟಿ ಬೇರೆ: ಭಾರಿ, ದೊಡ್ಡದು, ಮಧ್ಯಮ, ಒಡೆದದ್ದು.

ಅವರ ಹೆಂಡತಿ ಆರ್ಲೀನ್ ಪಾತ್ರೆ ಒರೆಸ್ತಾ ಬಂದು ನೋಡಿದ್ರು.

"ವೆಂಡೆಲ್, ಐದು ದಿನದಿಂದ ಕಟಕಟ ಕಟಕಟ. ಏನಿದು?"

"ವೀರರನ್ನ ವಿಂಗಡಿಸ್ತಿದ್ದೀನಿ."

"ಈ ಒಡೆದದ್ದರಲ್ಲಿ ಒಬ್ಬಳಿದ್ದಾಳಲ್ಲ, ಶಕ್ತಿ ನಾಲ್ಕು, ಮೋಡಿ ಹದಿನೇಳು. ಥೇಟ್ ನಮ್ಮ ಒಟೀಲಿಯಾ ಚಿಕ್ಕಮ್ಮ."

"ಗುಹೇಲಿ ಮೋಡಿ ಏನ್ ಉಪ್ಪಿನಕಾಯಿ ಹಾಕ್ಕೊಳ್ಳೋಕಾ?"

ಆರ್ಲೀನ್ ಸುಮ್ನೆ ಆ ಕಾರ್ಡ್ ಮೇಲೆ "ಒಟೀಲಿಯಾ" ಅಂತ ಬರೆದು ವಾಪಸ್ ಇಟ್ರು.

ಜಿಂಕೆ ಸೀಸನ್ ಮುಗಿದ ಶನಿವಾರ. ವೆಂಡೆಲ್ ನೆಲಮಾಳಿಗೆ ಮೆಟ್ಟಿಲು ಇಳಿದು ಬಂದ್ರು, ಎರಡೂ ಕೈಯಲ್ಲಿ ಮೊಟ್ಟೆ ಸಾಗಿಸೋ ದೊಡ್ಡ ಮರದ ಡಬ್ಬ. ಮುಚ್ಚಳ ತೆಗೆದು, ಟ್ರೇ ಎತ್ತಿ, "ಭಾರಿ" ಟ್ರೇಯಿಂದ ಒಂದು ಕಾರ್ಡ್ ಬಿಡಿಸಿ ಮೇಜಿನ ಮೇಲೆ ಇಸ್ತ್ರಿ ಮಾಡೋ ಥರ ಅಂಗೈಯಲ್ಲಿ ಒತ್ತಿದ್ರು.

ನಾರ್ಬರ್ಟ್ ಕನ್ನಡಕ ಏರಿಸಿದ್ರು. "ಶಕ್ತಿ ಹದಿನೆಂಟು. ತಾಳಿಕೆ ಹದಿನೇಳು. ಚುರುಕು ಹದಿನೇಳು. ಮೋಡಿ... ಮೂರಾ? ಯಾರಪ್ಪಾ ಇವನು?"

"ಇನ್ನೂರ ಎಂಬತ್ತೆಂಟು."

"ಹೆಸರು ಕೇಳಿದ್ದು ಕಣೋ."

"ಅದೇ ಹೆಸರು."

"ಲೋ, ಇದು ಮೋಸ! ಬೇಕಾದಷ್ಟು ಸಲ ಹಾಕೋ ಹಾಗಿಲ್ಲ!"

"ಪುಸ್ತಕದಲ್ಲಿ ಎಲ್ಲಿ ಬರೆದಿದೆ?"

ನಾರ್ಬರ್ಟ್ ತೆಳ್ಳಗಿನ ಮೂರೂ ಪುಸ್ತಕ ಮಗುಚಿ ಹಾಕಿದ್ರು. ನಾವೂ ಹುಡುಕಿದ್ವಿ. ಮೂರು ದಾಳ ಹಾಕ್ಬೇಕು ಅಂತಿತ್ತು. ಎಷ್ಟು ವೀರರಿಗೆ ಹಾಕ್ಬಹುದು ಅಂತ ಒಂದಕ್ಷರ ಇರ್ಲಿಲ್ಲ! ಯಾರಿಗೂ ಅದನ್ನ ಬರೀಬೇಕು ಅಂತಾನೇ ಹೊಳೆದಿಲ್ಲ, ಯಾಕಂದ್ರೆ ಅಡುಗೆಮನೇಲಿ ಕೂತು ನಾನೂರ ಹನ್ನೆರಡು ಸಲ ಹಾಕೋ ಮನುಷ್ಯ ಹುಟ್ಟಿದ್ದಾನೆ ಅಂತ ಯಾರಿಗೆ ಗೊತ್ತಿತ್ತು?

ಆಮೇಲೆ ನಡೆದಿದ್ದು ಆಟ ಅಲ್ಲ ಬಿಡಿ, ಗುಡಿಸಿ ಸಾರಿಸಿದ್ದು. ಇನ್ನೂರ ಎಂಬತ್ತೆಂಟನೇ ವೀರ ತನ್ನ ಪಾಲಿನ ಚಿನ್ನದ ನಾಣ್ಯವೆಲ್ಲ ಕೊಟ್ಟು ಕೊಂಡ ಹನ್ನೆರಡು ಬೇಟೆನಾಯಿ ಬಿಟ್ಟ, ಪೀಪಾಯಿಗಟ್ಟಲೆ ಎಣ್ಣೆ ಸುರಿದ, ಬೆಂಕಿ ಹಚ್ಚಿದ. ಹತ್ತು ನಿಮಿಷಕ್ಕೆ ಮೂರು ಕೋಣೆ ಖಾಲಿ. ನಾವು ಮಿಕ್ಕೋರು ಚೀಸ್ ಉಂಡೆ ಬಾಯಿಗೆ ಹಾಕ್ಕೊಂಡು ಅಗಿಯೋದೊಂದೇ ಕೆಲಸ. ನಾರ್ಬರ್ಟ್ ಸಿಟ್ಟಿಂದ ಕೆಂಪಾಗಿ ರಾಕ್ಷಸರನ್ನ ದೊಡ್ಡ ಮಾಡ್ತಾ ಹೋದ್ರು, ಆ ದೊಡ್ಡ ರಾಕ್ಷಸರು ವೆಂಡೆಲ್‌ನ ಬಿಟ್ಟು ನಮ್ಮನ್ನೇ ತುಳಿದ್ರು! ನನ್ನ ಮಂತ್ರವಾದಿ ಬಾಯಿ ತೆಗೆಯೋಕೆ ಮುಂಚೆ ಚಪಾತಿ ಆಗೋದ.

ಅಷ್ಟೊತ್ತಿಗೆ ಡ್ವೇನ್ ಬಂದ. ಕಿತ್ತಳೆ ಬಣ್ಣದ ಬೇಟೆ ಕೋಟು ಇನ್ನೂ ಮೈಮೇಲೇ ಇದೆ, ಕೈಯಲ್ಲಿ ಜಿಂಕೆ ಸಾಸೇಜ್. ಸೀದಾ ಬಂದು ವೆಂಡೆಲ್ ಕುರ್ಚಿ ಬೆನ್ನ ಮೇಲೆ ಕೈ ಇಟ್ಟ.

"ಇನ್ನೂ ಸತ್ತಿಲ್ವಾ ಗುರುವೇ?"

ನಾರ್ಬರ್ಟ್ ಒಂಥರಾ ನಕ್ರು. "ಸೇತುವೆ. ಅಡ್ಡ ಒಬ್ಬ ದೈತ್ಯ ನಿಂತಿದ್ದಾನೆ. ಹಿಂದೆ ಅವನ ನಲವತ್ತು ಅಣ್ತಮ್ಮಂದಿರು."

"ನಾಯಿ ಬಿಡ್ತೀನಿ."

"ಬಿಡು. ಆದ್ರೆ ನಲವತ್ತು ಜನರ ಮೇಲೆ ಬೀಳ್ಬೇಕಾದ್ರೆ ನಾಯಿಗೂ ಯಜಮಾನನ ಮೇಲೆ ಪ್ರೀತಿ ಇರ್ಬೇಕು. ಅದು ಮೋಡಿ ಮೇಲೆ. ನಿನ್ನ ಮೋಡಿ ಎಷ್ಟು?"

ವೆಂಡೆಲ್ ಕಾರ್ಡ್ ನೋಡಿದ್ರು. ಮೂರು. ದಾಳ ಹಾಕಿದ್ರು. ಹನ್ನೆರಡೂ ನಾಯಿ ಬಾಲ ಮಡಚ್ಕೊಂಡು ಮನೆ ದಾರಿ ಹಿಡಿದ್ವು. ಡ್ವೇನ್ ಕೋಟಿನ ಗುಂಡಿ ಬಿಚ್ಚೋಕೆ ಶುರು ಮಾಡಿದ. ನಾರ್ಬರ್ಟ್ ಸೀಮೆಸುಣ್ಣ ಎತ್ಕೊಂಡ್ರು.

"ವೆಂಡೆಲ್! ಆಯ್ತಾ?" ಮೆಟ್ಟಿಲ ಮೇಲೆ ಆರ್ಲೀನ್, ಕೈಯಲ್ಲಿ ಕಾರಿನ ಕೀ. "ನಾಲ್ಕಕ್ಕೆ ನಮ್ಮಕ್ಕನ ಮನೇಲಿ ಇಸ್ಪೀಟ್ ಇದೆ ಅಂದಿರ್ಲಿಲ್ವಾ?"

"ಸಾಯ್ತಿದ್ದೀನಿ, ಒಂದ್ನಿಮಿಷ."

ಆರ್ಲೀನ್ ಕೆಳಗೆ ಬಂದು ಎಲ್ಲ ಕೇಳಿಸ್ಕೊಂಡ್ರು. ಆಮೇಲೆ ಡಬ್ಬಕ್ಕೆ ಕೈ ಹಾಕಿ "ಒಡೆದದ್ದು" ಟ್ರೇಯಿಂದ ಒಂದು ಸುರುಳಿ ತೆಗೆದ್ರು. "ಒಟೀಲಿಯಾ ಚಿಕ್ಕಮ್ಮ ಮಾತಾಡ್ತಾಳೆ."

"ಅವಳೆಲ್ಲಿಂದ ಬಂದ್ಲು?" ನಾರ್ಬರ್ಟ್ ಕೂಗಿದ್ರು.

"ಮತ್ತೆ ಇವನ ಎಣ್ಣೆ ಪೀಪಾಯಿ ಯಾರು ಹೊತ್ಕೊಂಡು ಬಂದಿದ್ದು, ನಿಮ್ಮಜ್ಜನಾ? ಇವಳೇ!" ಅಂದ್ರು ಆರ್ಲೀನ್.

ಅದಕ್ಕೂ ಪುಸ್ತಕದಲ್ಲಿ ಏನೂ ಇರ್ಲಿಲ್ಲ.

"ಆಡೋರು ಕುರ್ಚೀಲಿ ಕೂತಿರ್ಬೇಕು," ಅಂತ ಡ್ವೇನ್ ಗೊಣಗಿದ.

"ಏಳು ವೆಂಡೆಲ್." ವೆಂಡೆಲ್ ಎದ್ರು. ಆರ್ಲೀನ್ ಕೂತ್ರು, ಪರ್ಸ್ ತೊಡೆ ಮೇಲಿಟ್ಕೊಂಡು ನಾರ್ಬರ್ಟ್‌ನ ನೆಟ್ಟಗೆ ನೋಡಿದ್ರು. "ಏನಪ್ಪಾ ದೈತ್ಯ, ಎಷ್ಟೊತ್ತಿಂದ ನಿಂತಿದ್ದೀಯ?"

ನಾರ್ಬರ್ಟ್ ದೈತ್ಯನ ದನಿ ತೆಗೆದ್ರು. "ನೂ... ನೂರು ವರ್ಷದಿಂದ!"

"ಈ ಥಂಡೀಲಾ? ಸಾಕ್ಸ್ ಇಲ್ದೆ?"

"...ಇಲ್ಲ."

"ಊಟ ಆಯ್ತಾ?"

"ದಾರಿಹೋಕರನ್ನ ತಿಂತೀನಿ."

"ಅದೂ ಒಂದು ಊಟಾನಾ? ಆಲೂಗಡ್ಡೆ ಇಲ್ಲ, ಏನಿಲ್ಲ! ಡ್ವೇನ್, ಆ ಸಾಸೇಜ್ ಕೊಡಿಲ್ಲಿ." ಡ್ವೇನ್ ಕೊಟ್ಟೇಬಿಟ್ಟ, ನಿಜವಾದ ಸಾಸೇಜ್! ಆರ್ಲೀನ್ ಒಂದು ತುಂಡು ಮುರಿದು ನಾರ್ಬರ್ಟ್ ಕೈಗಿಟ್ರು. "ತಿನ್ನು ಕಂದ. ತಮ್ಮಂದಿರಿಗೂ ಕೊಡು."

ಎರಡು ದಾಳ ಉರುಳಿದ್ವು. ಹನ್ನೆರಡಕ್ಕೆ ಹನ್ನೊಂದು, ಮೇಲೆ ಮೋಡಿ ಬೇರೆ. ನಾರ್ಬರ್ಟ್ ಬಾಯ್ತುಂಬ ಸಾಸೇಜ್ ಇಟ್ಕೊಂಡೇ ಹೇಳಿದ್ರು, "ದೈತ್ಯ ಪಕ್ಕಕ್ಕೆ ಸರಿದ. ಕಣ್ಣಲ್ಲಿ ನೀರು." ಆಮೇಲೆ ಮನಸ್ಸಿಲ್ಲದ ಮನಸ್ಸಿಂದ, "ಇನ್ನೂರ ಎಂಬತ್ತೆಂಟೂ ಬದುಕಿದ."

ನೆಲಮಾಳಿಗೆ ಹಾರಿಹೋಗೋ ಹಂಗೆ ಕೂಗಿದ್ವಿ! ವೆಂಡೆಲ್ ಮಾತ್ರ ಕೂಗ್ಲಿಲ್ಲ, ಕುರ್ಚೀನೇ ನೋಡ್ತಾ ನಿಂತಿದ್ರು. ಅದರಲ್ಲಿ ಆರ್ಲೀನ್ ಕೂತಿದ್ರಲ್ಲ, ಏಳೋ ಲಕ್ಷಣವೇ ಇರ್ಲಿಲ್ಲ. ಇಸ್ಪೀಟ್ ಮರೆತೇಹೋಗಿತ್ತು. "ಸೇತುವೆ ಆಚೆ ಏನಿದೆ?" ಅಂತ ನಾರ್ಬರ್ಟ್‌ನ ಪೀಡಿಸ್ತಿದ್ರು.

"ವೆಂಡೆಲ್," ನಾರ್ಬರ್ಟ್ ಮೆಲ್ಲಗೆ ಅಂದ್ರು, "ನಿನ್ನ ವೀರ ಬದುಕಿದ್ದಾನೆ, ಒಪ್ತೀನಿ. ಆದ್ರೆ ನಾನೇನ್ ಮಾಡ್ಲಿ? ಕುರ್ಚಿ ಎಂಟೇ."

ವೆಂಡೆಲ್ ಮರದ ಡಬ್ಬದ ಕಡೆ ತಿರುಗಿದ್ರು. ಆಮೇಲೆ ಟ್ರೇಗಳನ್ನೆಲ್ಲ ಒಂದೊಂದಾಗಿ ಎತ್ತಿ ವಾಷಿಂಗ್ ಮೆಷಿನ್ ಮೇಲೆ ಪೇರಿಸಿದ್ರು, ಖಾಲಿ ಮೊಟ್ಟೆ ಡಬ್ಬ ಬೋರಲು ಹಾಕಿದ್ರು, ನನ್ನ ಮತ್ತೆ ಆರ್ಲೀನ್ ಮಧ್ಯ ತಳ್ಳಿದ್ರು, ಕೂತ್ರು.

"ಕುರ್ಚಿ ಎಂಟು ಅಂತ ತಾನೇ ನೀನು ಹೇಳಿದ್ದು. ಡಬ್ಬ ಎಷ್ಟು ಅಂತ ಎಲ್ಲಿ ಬರೆದಿದೆ?"

ನಾರ್ಬರ್ಟ್ ಅಭ್ಯಾಸ ಬಲದಿಂದ ಪುಸ್ತಕಕ್ಕೆ ಕೈ ಹಾಕಿ, ಅರ್ಧಕ್ಕೇ ಬಿಟ್ರು.

ಡ್ವೇನ್ ತನ್ನ ಅರ್ಧ ಸಾಸೇಜ್ ನೋಡ್ದ, ಡಬ್ಬ ನೋಡ್ದ, ನೆಟ್ಟಗೆ ವಾಷಿಂಗ್ ಮೆಷಿನ್ ಹತ್ರ ಹೋಗಿ ಟ್ರೇಗಳನ್ನ ಆಚೆ ಸರಿಸಿ ಅದರ ಮೇಲೆ ಹತ್ತಿ ಕೂತ. ನಾನೂ ಚಪಾತಿಯಾದ ನನ್ನ ಮಂತ್ರವಾದಿ ಕಾರ್ಡ್ ಹರಿದು ಹಾಕಿ, ಟ್ರೇಯಿಂದ ಹೊಸ ವೀರನ್ನ ತಗೊಳ್ಳೋಕೆ ಅಲ್ಲಿಗೇ ಓಡ್ದೆ, ಅಷ್ಟರಲ್ಲಿ ಅಲ್ಲಾಗಲೇ ಐದು ಜನ!

"ಒಬ್ಬೊಬ್ರೇ ಬನ್ರಪ್ಪಾ, ನೂಕಬೇಡಿ," ಅಂದ್ರು ವೆಂಡೆಲ್ ಡಬ್ಬದ ಮೇಲಿಂದ ಎದ್ದು ಬರ್ತಾ. ಒಂದು ಕಾರ್ಡ್ ಬಿಡಿಸಿ ಬಲ್ಬಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ನನ್ನ ಕೈಗಿಟ್ರು. "ತಗೋ, ಇದರಲ್ಲಿ ಬಿರುಕಿಲ್ಲ."