ಹಸುವಿಗಿಂತ ಮೊದಲು ಒಳಗೆ ಬಂದವಳು

ಗೃಹಪ್ರವೇಶದ ದಿನ ಮೊದಲು ಹಸು ಒಳಗೆ ಹೋಗಬೇಕು. ಆಮೇಲೆ ಮನೆಯವರು. ಆಮೇಲೆ ನೆಂಟರು. ಇದು ನಿಮಗೂ ಗೊತ್ತು, ನನಗೂ ಗೊತ್ತು. ಹೋದ ಶುಕ್ರವಾರ ನಮ್ಮ ಹೊಸ ಮನೆಗೆ ಎಲ್ಲರಿಗಿಂತ ಮೊದಲು ಹೋದದ್ದು ಒಂದು ಆಮೆ.

ಹಸುವಿನ ಹಣೆಗೆ ಅರಿಸಿನ ಕುಂಕುಮ ಹಚ್ಚಿ, ಕೊಂಬಿಗೆ ಹೂ ಸುತ್ತಿ ಬಾಗಿಲಿಗೆ ತಂದಿದ್ದೆವು. ಅದು ಹೊಸ್ತಿಲ ಹತ್ತಿರ ನಿಂತು ಒಳಗೆ ನೋಡಿತು. ನೋಡಿದ್ದೇ ತಡ, ಹಿಂದಕ್ಕೆ ಸರಿಯಿತು. ನಾನು ಹಿಂದಿನಿಂದ ತಳ್ಳಿದೆ. ನನ್ನ ಹೆಂಡತಿ ಸರೋಜ ಮುಂದಿನಿಂದ ಬಾಳೆಹಣ್ಣು ತೋರಿಸಿದಳು. ಹಸು ಬಾಳೆಹಣ್ಣು ತಿಂದು ಮತ್ತೆ ಹಿಂದಕ್ಕೇ ಬಂತು. (ನನ್ನ ಕಾಲಿನ ಹೆಬ್ಬೆರಳು ಇನ್ನೂ ಊದಿಕೊಂಡಿದೆ.)

‘ಒಳಗೆ ಏನೋ ಇದೆ’ ಎಂದರು ಪುರೋಹಿತರು.

ಇಣುಕಿದೆವು. ನಡುಮನೆಯಲ್ಲಿ ಹೋಮಕ್ಕೆಂದು ಇಟ್ಟಿಗೆ ಜೋಡಿಸಿ, ಒಳಗೆ ಮರಳು ತುಂಬಿಸಿ, ರಂಗೋಲಿ ಬಿಟ್ಟಿದ್ದರಲ್ಲ, ಅದರ ಮೇಲೆ ಊಟದ ತಟ್ಟೆಯಗಲದ ಕರಿ ಆಮೆ. ರಂಗೋಲಿಯನ್ನೆಲ್ಲ ಅಳಿಸಿಹಾಕಿ, ಹಿಂಗಾಲಿನಿಂದ ಮರಳು ತೋಡುತ್ತಿತ್ತು. ಯಾರ ಹಂಗೂ ಇಲ್ಲದೆ.

ಪುರೋಹಿತರು ಕೈಮುಗಿದರು. ‘ಸಾಕ್ಷಾತ್ ಕೂರ್ಮಾವತಾರ! ವಿಷ್ಣುವೇ ಬಂದಿದ್ದಾನೆ. ಯಾರೂ ಮುಟ್ಟಬೇಡಿ.’

ಚಾಂಪಿಯನ್ ರೀಫ್ಸ್‌ನಿಂದ ಬಂದಿದ್ದ ನನ್ನ ಸ್ನೇಹಿತ ಸೆಲ್ವರಾಜ್ ಒಪ್ಪಲಿಲ್ಲ. ‘ಸಾಮಿ, ನಮ್ ಕಡೆ ಏಳ್ತಾರೆ, ಆಮೈ ಪುಗುಂದ ವೀಡುಂ, ಅಮೀನಾ ಪುಗುಂದ ವೀಡುಂ ಉರುಪಡಾದು. ಆಮೆ ಒಕ್ಕಿದ್ ಮನೆ, ಜಪ್ತಿಗೆ ಬರೋ ಕೋರ್ಟ್ ಅಮೀನ ಒಕ್ಕಿದ್ ಮನೆ, ಎಲ್ಡೂ ಉದ್ಧಾರ ಆಗಲ್ಲ.’

ಬಂದಿರುವುದು ವಿಷ್ಣುವೋ, ಅಮೀನನೋ? ಹತ್ತು ನಿಮಿಷ ವಾದ ನಡೆಯಿತು. ಮುಹೂರ್ತ ಜಾರುತ್ತಿತ್ತು. ಹಸು ತೋರಣದ ಮಾವಿನೆಲೆ ತಿನ್ನುತ್ತಿತ್ತು. ಅಷ್ಟರಲ್ಲಿ ನನ್ನ ಅಕ್ಕ ಯಲ್ಲಮ್ಮ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. ಆಮೆಯ ಚಿಪ್ಪಿನ ಅಂಚಿನಲ್ಲಿ ಗಾಡಿಚಕ್ರ ಹತ್ತಿ ಮುಕ್ಕಾದ ಜಾಗ ನೋಡಿ ಕೂಗಿದಳು.

‘ಲೇ, ಇವ್ಳು ನಮ್ ಮುದ್ಕಿ ಕಣ್ಲಾ! ಬದ್ಕವ್ಳೆ!’

ನಾನು ಹಸುವಿನ ಮರೆಗೆ ಸರಿದೆ. ಏಕೆ ಅಂತೀರಾ? ಹೇಳುತ್ತೇನೆ. ಈ ವಾರ ಬರೆಯಲು ಕೂತಿರುವುದೇ ಅದಕ್ಕೆ.

ನನ್ನನ್ನು ಸಾಕಿದವಳು ಅಕ್ಕ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಂಗಾರಪೇಟೆಯಲ್ಲಿ ಸೈಕಲ್ ಶಾಪ್ ಸೇರಿದವನು ನಾನು; ಅವಳು ಸ್ಕೂಲಿನ ಮೆಟ್ಟಿಲನ್ನೂ ಹತ್ತಿದವಳಲ್ಲ. ಈ ಅಂಕಣವನ್ನು ಪ್ರತಿ ಭಾನುವಾರ ಅವಳ ಕಿರಿಮಗಳು ಲತಾ ಓದಿ ಹೇಳುತ್ತಾಳೆ. ಅಕ್ಕ ಎಮ್ಮೆಗೆ ಹಿಂಡಿ ಕಲಸುತ್ತಾ ಕೇಳುತ್ತಾಳಂತೆ.

ನಮ್ಮಪ್ಪ ಬಿಟ್ಟುಹೋದ ಜಮೀನು ಕೆರೆಯಂಚಿನಲ್ಲಿದೆ. ಅರ್ಧ ಗಟ್ಟಿ ನೆಲ, ಅರ್ಧ ಆಳೆತ್ತರದ ಜೊಂಡು, ಕೆಸರು. ನಡುವೆ ಒಂದು ಮೆತ್ತನೆಯ ಮಣ್ಣುದಿಬ್ಬ. ಮಳೆಗಾಲ ಮುಗಿದ ಮೇಲೆ ಕೆರೆಯ ಆಮೆಗಳು ಜೊಂಡಿನ ಮರೆಯಲ್ಲೇ ನಡೆದು ಬಂದು ಆ ದಿಬ್ಬದಲ್ಲಿ ಮೊಟ್ಟೆ ಇಡುತ್ತಿದ್ದವು. ನಾಯಿ, ಮುಂಗುಸಿ ತೋಡದಂತೆ ಅಕ್ಕ ಅದರ ಮೇಲೆ ಜಾಲಿಮುಳ್ಳು ಹೊದಿಸುತ್ತಿದ್ದಳು. ಮದುವೆಯಾಗಿ ಕೆರೆ ಏರಿಯ ಆಚೆ ಬದಿಗೆ ಹೋದ ಮೇಲೂ ಬಿಡಲಿಲ್ಲ. ಒಂದು ಕಾಲದಲ್ಲಿ ಎಂಟು ಹತ್ತು ಬರುತ್ತಿದ್ದವು. ಆಮೇಲೆ ನಾಲ್ಕಾದವು. ಕೊನೆಗೆ ಈ ಮುದುಕಿ ಒಬ್ಬಳೇ.

ಅಕ್ಕ ತನ್ನ ಪಾಲಿನ ಜಮೀನನ್ನೂ ನನಗೇ ಬಿಟ್ಟುಕೊಟ್ಟಳು. ಹೆಬ್ಬೆಟ್ಟು ಒತ್ತುವಾಗ ಕೇಳಿದ್ದು ಒಂದೇ ಮಾತು. ‘ಆ ದಿಬ್ಬ ಒಂದ್ ಮುಟ್ಬೇಡ ಕಣ್ಲಾ.’

‘ಇಲ್ಲಕ್ಕಾ, ಮುಟ್ಟಾಕಿಲ್ಲ’ ಅಂದೆ. ಅವಳ ತಲೆ ಮೇಲೆ ಕೈಯಿಟ್ಟು ಅಂದೆ.

ಆಗ ನಮ್ಮ ಕಡೆ ಸೈಟಿನ ಹುಚ್ಚು ಶುರುವಾಗಿತ್ತು. ಬಂಗಾರಪೇಟೆ ರೈಲ್ವೆ ಗೇಟಿನಿಂದ ಕೋರಮಂಡಲ್‌ವರೆಗೆ ಎಲ್ಲಿ ನೋಡಿದರೂ ಸುಣ್ಣ ಬಳಿದ ಕಲ್ಲು. ಕೆರೆಯಂಚನ್ನು ‘ಕ್ಲೀನ್’ ಮಾಡುವುದು, ‘ಖಾಲಿ ಜಾಗ’ ಅಂತ ಹೇಳುವುದು. ಖಾಲಿ ಜಾಗ ಅಂದರೇನು ಸ್ವಾಮಿ? ನಾವಿಲ್ಲದ ಜಾಗ, ಅಷ್ಟೇ ತಾನೆ?

ಅಕ್ಕ ದೊಡ್ಡ ಮಗಳ ಬಾಣಂತನಕ್ಕೆಂದು ಮಾರಿಕುಪ್ಪಂಗೆ ಹೋಗಿದ್ದಳು. ಅದೇ ಹೊತ್ತಿಗೆ ರಸ್ತೆ ಕೆಲಸಕ್ಕೆ ಡೋಜರ್ ಬಂತು. ಓಡಿಸುತ್ತಿದ್ದವನು ಇದೇ ಸೆಲ್ವರಾಜ್. ಸೈಕಲ್ ಪಂಕ್ಚರ್ ಹಾಕಿಸಲು ಶಾಪಿಗೆ ಬಂದವನು, ‘ನಿನ್ ಸೈಟ್ ಲೆವೆಲ್ ಮಾಡ್ಲಾ? ಅರ್ಧ ಗಂಟೆ ಕೆಲ್ಸ’ ಅಂದ. ಮುಂದಿನ ಭಾಗ ಮಾತ್ರ ಅಂತ ಕರೆದುಕೊಂಡು ಹೋದೆ. ಅವನು ಮುಂದಿನ ಭಾಗ ಮುಗಿಸಿದ. ಜೊಂಡು ತಳ್ಳಿ ಕೆಸರಿನ ಮೇಲೆ ಮಣ್ಣು ಹೊದಿಸಿದ. ದಿಬ್ಬದ ಹತ್ತಿರ ನಿಲ್ಲಿಸಿ, ‘ಇದು?’ ಅಂತ ಕೈಸನ್ನೆ ಮಾಡಿದ.

ನಾನು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಬೀಡಿ ಹಚ್ಚಿದೆ.

ಡೋಜರ್ ಮುಂದಕ್ಕೆ ಹೋಯಿತು. ಮಣ್ಣಿನ ಜೊತೆ ಬೆಳ್ಳಗಿನದೇನೋ ಉರುಳಿತು. ಸುಣ್ಣದ ಉಂಡೆ ಇರಬೇಕು ಅಂದುಕೊಂಡೆ. ಕೆರೆಯಂಚಿನಲ್ಲಿ ಸುಣ್ಣದ ಉಂಡೆ ಯಾರು ಹೂಳುತ್ತಾರೆ, ನೀವೇ ಹೇಳಿ.

ಊರಿಗೆ ಬಂದ ಅಕ್ಕ ದಿಬ್ಬವಿದ್ದ ಜಾಗದಲ್ಲಿ ಕೂತು ಕೈಯಿಂದ ಮಣ್ಣು ಕೆದಕಿ ನೋಡಿದಳು. ‘ಯಾರ್ಲಾ ಮಾಡಿದ್ದು?’ ಅಂದಳು.

‘ಪಂಚಾಯ್ತಿಯೋರು ಅಕ್ಕಾ. ಚೇರ್ಮನ್ ಆರ್ಡರ್.’

ಚೇರ್ಮನ್ನರೇ ಏಕೆ? ಅವರು ನನಗೆ ಯಾವ ಕೇಡೂ ಮಾಡಿದವರಲ್ಲ. ಬಾಯಿಗೆ ಮೊದಲು ಸಿಕ್ಕವರು, ಅಷ್ಟೆ.

ಅಂದಿನಿಂದ ಎರಡು ವರ್ಷ ಅಕ್ಕ ಆ ಮನುಷ್ಯನ ಬೆನ್ನು ಬಿಡಲಿಲ್ಲ. ಅವರ ಮನೆಗೆ ಹಾಲು ನಿಲ್ಲಿಸಿದಳು. ಸಂತೆಯಲ್ಲಿ ಕಂಡರೆ, ‘ಆಮೆ! ಆಮೆ!’ ಅಂತ ಕೂಗಿ ಮುಖ ತಿರುಗಿಸುತ್ತಿದ್ದಳು. ಕೆಲಸ ನಿಧಾನ ಅಂತ ಬೈಯುತ್ತಿದ್ದಾಳೆ ಅಂದುಕೊಂಡ ಅವರು ನಮ್ಮ ಬೀದಿಯ ನಲ್ಲಿ ಪೈಪನ್ನು ಒಂದೇ ತಿಂಗಳಲ್ಲಿ ಹಾಕಿಸಿಬಿಟ್ಟರು. ನಲ್ಲಿ ತಿರುಗಿಸುವ ದಿನ ಅಕ್ಕ ಎಲ್ಲರ ಮುಂದೆ, ‘ಆಮೆ ಮನೆ ಕಿತ್ತಾಕ್ದೋನು ಜನಕ್ಕೆ ನೀರ್ ಕೊಡ್ತಾನಂತೆ’ ಅಂದಳು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈಗ ಮತ್ತೆ ಶುಕ್ರವಾರಕ್ಕೆ ಬನ್ನಿ.

ಅಕ್ಕ ಮುದುಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ನಾಲ್ಕೂ ಕಾಲು ಗಾಳಿಯಲ್ಲಿ ಈಜುತ್ತಿದ್ದವು. ‘ಒಟ್ಟೆ ತುಂಬಾ ಮೊಟ್ಟೆ ಇಟ್ಕೊಂಡವ್ಳೆ. ಇಂದ್ಗಡೆ ಗೋಡೆ ಅಡ್ಡ ಬಂದದೆ ಅಂತ ಇಡೀ ಕಾಂಪೌಂಡ್ ಸುತ್ತಾಕ್ಕೊಂಡು ಮುಂಬಾಗ್ಲಿಂದ ಬಂದವ್ಳೆ ಕಣ್ಲಾ’ ಎಂದಳು. ದಿಬ್ಬವಿದ್ದದ್ದು ಈಗ ನನ್ನ ಹಿತ್ತಿಲು.

ಸರಿಯಾಗಿ ಅದೇ ಹೊತ್ತಿಗೆ ಬಿಳಿ ಪಂಚೆ, ಬಿಳಿ ಶರಟಿನಲ್ಲಿ ಚೇರ್ಮನ್ ಬಂದರು. (ಕರೆದವನು ನಾನೇ. ಮನೆಗೆ ಲೈಸೆನ್ಸ್ ಕೊಟ್ಟವರನ್ನು ಕರೆಯದೆ ಇರಲಾದೀತೆ?)

‘ಬಾ ಸ್ವಾಮಿ, ಬಾ. ಸರ್ಯಾದ್ ಒತ್ಗೇ ಬಂದೆ’ ಅಂದಳು ಅಕ್ಕ, ಆಮೆಯನ್ನು ಅವರ ಮೂಗಿನ ಹತ್ತಿರ ಹಿಡಿದು. ‘ನೀನ್ ಮನೆ ಕಿತ್ತಾಕ್ದಲ್ಲ, ಅವ್ಳೇ ಬಂದವ್ಳೆ. ಎಲ್ಲಿಗ್ ಓಗ್ಬೇಕು ಅಂತ ಇವ್ಳಿಗೇ ಏಳು.’

ಚೇರ್ಮನ್ ನನ್ನನ್ನು ನೋಡಿದರು. ನಾನು ಪುರೋಹಿತರನ್ನು ನೋಡಿದೆ. ಪುರೋಹಿತರು ಗಡಿಯಾರ ನೋಡಿದರು.

ಸೆಲ್ವರಾಜ್‌ಗೆ ಮಾತ್ರ ತಡೆಯಲಾಗಲಿಲ್ಲ. ತನ್ನ ಕೆಲಸದ ಹೆಸರು ಇನ್ನೊಬ್ಬರಿಗೆ ಹೋಗುವುದೆಂದರೇನು? ‘ಏ ಅಕ್ಕಾ, ಚೇರ್ಮನ್ ಎಲ್ಲಿ ಮಾಡುದ್ರು? ಆ ದಿಬ್ಬ ತಳ್ಳಿದ್ದು...’

ನಾನು ಪಕ್ಕದ ತಟ್ಟೆಯಿಂದ ಒಬ್ಬಟ್ಟು ಎತ್ತಿ ಇಡಿಯಾಗಿ ಅವನ ಬಾಯಿಗೆ ತುರುಕಿದೆ. ‘ತಿನ್ನು ಸೆಲ್ವಾ, ತಿನ್ನು.’ ಅವನ ಕಣ್ಣು ಹೊರಗೆ ಬಂದವು. ಸರೋಜ ಬೆನ್ನು ಗುದ್ದಿದಳು.

‘ಪೂಜೆ ಆಗೋಕ್ ಮುಂಚೆ ಒಬ್ಬಟ್ಟು ಯಾಕ್ಲಾ ಕೊಡ್ತೀಯ?’ ಎಂದು ಅಕ್ಕ ಗದರಿದಳು.

ಚೇರ್ಮನ್ ಆಮೆಯ ಮುಕ್ಕಾದ ಚಿಪ್ಪು ಮುಟ್ಟಿ ನೋಡಿದರು. ಕೊನೆಗೆ ನಿಟ್ಟುಸಿರು ಬಿಟ್ಟು, ‘ಇರಬೌದಮ್ಮಾ’ ಅಂದರು. ‘ದಿನಾ ಎಷ್ಟ್ ಪೇಪರ್‌ಗೆ ಸೈನ್ ಆಕ್ತೀನೋ ನಂಗೇ ಗೊತ್ತಿರಾಕಿಲ್ಲ. ತಪ್ಪಾಯ್ತು. ಈಗೇನ್ ಮಾಡ್ಬೇಕು, ಏಳು.’

ಅಕ್ಕನ ಹತ್ತಿರ ಬೈಗುಳ ಇನ್ನೂ ಬೇಕಾದಷ್ಟಿದ್ದವು. ಬದಲಿಗೆ ಆಮೆಯನ್ನು ಎದೆಗೆ ಅವಚಿಕೊಂಡಳು. ಕಣ್ಣು ತುಂಬಿಕೊಂಡಳು. ‘ಮೆತ್ತನ್ ಮರಳು ಬೇಕು ಸ್ವಾಮಿ’ ಅಂದಳು. ‘ಎಲ್ಡ್ ಗಾಡಿ ಕಳುಸ್ತೀನಿ’ ಅಂದರು ಚೇರ್ಮನ್.

ಮಾಡದ ತಪ್ಪನ್ನು ಒಬ್ಬ ಒಪ್ಪಿಕೊಂಡ. ಮಾಡಿದವನು ಪಕ್ಕದಲ್ಲೇ ನಿಂತಿದ್ದ. ಏನು ಹೇಳಿದ ಗೊತ್ತೆ? ‘ನಡೀರಿ, ನಡೀರಿ, ಹಸು ಕರ್ಕೊಂಡ್ ಬನ್ನಿ, ಟೈಮಾಯ್ತು’ ಎಂದ.

ಊಟವಾದ ಮೇಲೆ ಮುದುಕಿಯನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಅಕ್ಕ, ನಾನು ಕೆರೆಯ ಸುತ್ತ ನಡೆದೆವು. ಎಲ್ಲ ಕಡೆ ಗಟ್ಟಿ ಮಣ್ಣು, ಸೈಟಿನ ಕಲ್ಲು. ಜೊಂಡು ಎಲ್ಲೂ ಒಂದು ಹಿಡಿ ಇರಲಿಲ್ಲ. ‘ಎಲ್ ಬುಡ್ಲಿ ಇವ್ಳನ್ನ?’ ಎಂದು ಅಕ್ಕ ಮೂರು ಸಲ ಕೇಳಿದಳು. ಕೊನೆಗೆ ತನ್ನ ಎಮ್ಮೆಗಳು ನೀರು ಕುಡಿಯುವ ಕಲ್ಲುಬಾನಿಯಲ್ಲಿ ಬಿಟ್ಟಳು. ಎಮ್ಮೆಗಳು ಅಂದಿನಿಂದ ಮುಷ್ಕರ ಹೂಡಿವೆ.

ಸೋಮವಾರ ಚೇರ್ಮನ್ನರ ಎರಡು ಗಾಡಿ ಮರಳು ಬಂತು. ಅಕ್ಕ ತನ್ನ ಹಿತ್ತಿಲಲ್ಲಿ ಗುಡ್ಡೆ ಹಾಕಿ ಮುದುಕಿಯನ್ನು ಅದರ ಮೇಲೆ ಬಿಟ್ಟಳು. ಮುದುಕಿ ಹತ್ತಿದಳು, ಇಳಿದಳು, ಏರಿಯ ಕಡೆ ಮುಖಮಾಡಿ ಹೊರಟಳು. ಮತ್ತೆ ತಂದು ಬಿಟ್ಟರೂ ಅದೇ ದಿಕ್ಕು. ನನ್ನ ಮನೆಯ ದಿಕ್ಕು.

‘ಅವ್ಳಿಗೆ ಅವ್ಳ್ ದಿಬ್ಬಾನೇ ಬೇಕು’ ಎಂದಳು ಅಕ್ಕ. ಆಮೇಲೆ ನನ್ನ ಮುಖ ನೋಡಿ, ‘ಓಗ್ಲಿ ಬುಡು. ನಿನ್ ಗೋಡೆ ಒಸ್ದು. ಇವ್ಳಿಗೇನ್ ಗೊತ್ತು’ ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಗೋಡೆಯ ಮೇಲೆ ಅವಳಿಗೆ ಕನಿಕರ!

ಇವತ್ತು ಬುಧವಾರ. ಮುದುಕಿ ಇನ್ನೂ ಬಾನಿಯಲ್ಲಿದ್ದಾಳೆ, ಮೊಟ್ಟೆ ಇಟ್ಟಿಲ್ಲ. ಮೂರು ಸಲ ಅಕ್ಕನ ಮನೆಗೆ ಹೋದೆ, ಮೂರು ಸಲ ಕಾಫಿ ಕುಡಿದು ಬಂದೆ. ಅದಕ್ಕೆ ಬರೆದಿದ್ದೇನೆ.

ಚೇರ್ಮನ್ನರೇ, ನೀವು ಯಾವ ಪೇಪರಿಗೂ ಸೈನ್ ಹಾಕಿಲ್ಲ. ಸೆಲ್ವಾ, ಒಬ್ಬಟ್ಟಿಗೆ ಕ್ಷಮೆಯಿರಲಿ. ಲತಾ, ಇಲ್ಲಿಂದ ಮುಂದೆ ನಿಧಾನವಾಗಿ ಓದಮ್ಮ.

ಅಕ್ಕಾ, ದಿಬ್ಬ ತಳ್ಳಿಸಿದವನು ನಾನು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಇನ್ನೂ ಮಣ್ಣೇ ಇದೆ. ನೀರಿನಂಚಿಗೆ ಹಾಕಿಸಿದ ಮಣ್ಣು ತೆಗೆಸಿದರೆ ಜೊಂಡೂ ಚಿಗುರೀತು. ಗೋಡೆ ಒಡೆಯಲು ಬೇಕಾದ ಹಾರೆ ನಿನ್ನ ಕೊಟ್ಟಿಗೆಯಲ್ಲಿದೆ. ನಾನೇ ಬಂದು ತೆಗೆದುಕೊಳ್ಳಲೋ, ಇಲ್ಲಾ ನೀನೇ ಹಿಡಿದುಕೊಂಡು ಬರುತ್ತೀಯೋ?