ಡ್ರೈ ಕ್ಲೀನಿಂಗ್ ಪತ್ತೇದಾರ

ನನ್ನ ತಮ್ಮನ ಕೆಲಸ ಡ್ರೈ ಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ. ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು, ಜೇಬು ತಡಕಬೇಕು, ಕಲೆ ಇದ್ದರೆ ಅದು ಯಾವುದರ ಕಲೆ ಎಂದು ಗಿರಾಕಿಯನ್ನು ಕೇಳಬೇಕು. ಎಣ್ಣೆಯ ಕಲೆಗೆ ಒಂದು ದ್ರವ, ಶಾಯಿಯ ಕಲೆಗೆ ಇನ್ನೊಂದು. ತಪ್ಪಿ ಹಾಕಿದರೆ ಕೋಟಿನ ಜೊತೆ ಗಿರಾಕಿಯೂ ಹೋದ ಹಾಗೆಯೇ. ಆಮೇಲೆ ನಂಬರು ಬರೆದ ಬಟ್ಟೆಯ ಚೀಟಿಯೊಂದನ್ನು ಗುಂಡಿಯ ಕಾಜಕ್ಕೆ ಪಿನ್ನು ಹಾಕಿ ಸಿಕ್ಕಿಸಿದರೆ ಅವನ ಪಾಲಿನ ಕೆಲಸ ಮುಗಿಯಿತು. ಇಷ್ಟನ್ನು ಅವನು ವರ್ಷಗಟ್ಟಲೆ ಯಾರ ತಂಟೆಗೂ ಹೋಗದೆ ಮಾಡಿಕೊಂಡು ಬಂದಿದ್ದ. ಪತ್ತೇದಾರ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಈಚೆಗೆ, ಕಂಪ್ಯೂಟರ್ ಆಟಗಳು ಮನೆಯೊಳಗೆ ಕಾಲಿಟ್ಟ ಮೇಲೆ.

ಆಟ ಎಂದರೆ ಗುಂಡು ಹಾರಿಸುವ, ಕಾರು ಓಡಿಸುವ ಆಟಗಳಲ್ಲ. ಅವೆಂದರೆ ನನ್ನ ತಮ್ಮನಿಗೆ ತಾತ್ಸಾರ. ಇವನ ಆಟಗಳು ಇಬ್ಬರೋ ಮೂವರೋ ಸೇರಿ ಯಾವುದೋ ಕೋಣೆಯಲ್ಲಿ ಕೂತು ಮಾಡಿದ ಸಣ್ಣ ಸಣ್ಣ ಆಟಗಳು. ಎಲ್ಲದರಲ್ಲೂ ಮಂಜು. ಎಲ್ಲದರಲ್ಲೂ ಉದ್ದ ಕೋಟಿನ ಒಬ್ಬ ಪತ್ತೇದಾರ, ಬಾಗಿಲು ಮುಚ್ಚಿದ ಒಂದು ಹೋಟೆಲು ಅಥವಾ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ, ಕಾಣೆಯಾದ ಒಬ್ಬ ಹೆಂಗಸು, ಹಿಂದೆಲ್ಲೋ ಪಿಯಾನೋದ ಒಂದೊಂದೇ ಸ್ವರ. ಅಷ್ಟೇನು ಚೆನ್ನಾಗಿದೆ ನೋಡೋಣ ಎಂದು ಒಂದು ಮಧ್ಯಾಹ್ನ ನಾನೂ ಅವನ ಪಕ್ಕ ಕೂತೆ. ಕೋಟಿನವನು ಮೊಗಸಾಲೆಯ ಈ ತುದಿಯಿಂದ ಆ ತುದಿಗೆ ನಡೆದ. ಕಿಟಕಿ ನೋಡಿದ. ಮತ್ತೆ ಈ ತುದಿಗೆ ಬಂದ. ನನಗೆ ತೂಕಡಿಕೆ ಬಂತು.

"ಏನೂ ಆಗ್ತಾನೇ ಇಲ್ವಲ್ಲೋ?" ಎಂದೆ.

"ಅದೇ ಅಕ್ಕಾ, ವಾತಾವರಣ ಅಂದ್ರೆ."

ನಮ್ಮ ಮನೆಯಲ್ಲೂ ಏನೂ ಆಗುವುದಿಲ್ಲ. ಅದನ್ನು ಯಾರೂ ವಾತಾವರಣ ಎಂದು ಹೊಗಳಿದ್ದು ನನಗೆ ನೆನಪಿಲ್ಲ.

ಆ ದಿನವೇ ಅವನು ನನಗೆ ಪತ್ತೇದಾರಿಕೆಯ ಒಳಗುಟ್ಟುಗಳನ್ನೂ ಹೇಳಿಕೊಟ್ಟ. ಕಣ್ಣಿಗೆ ಬೀಳುವ ಒಂದು ಹಳೇ ಲೋಟವೂ ಸುಮ್ಮನೆ ಅಲ್ಲಿರುವುದಿಲ್ಲವಂತೆ. ಸಿಕ್ಕ ಪ್ರತಿಯೊಬ್ಬರನ್ನೂ ಅವರ ಹತ್ತಿರ ಹೊಸ ಮಾತು ಒಂದೂ ಉಳಿಯದ ತನಕ ಕೇಳುತ್ತಲೇ ಇರಬೇಕಂತೆ. "ಮತ್ತೆ ಯಾರಾದ್ರೂ ತಾನಾಗೇ ಬಂದು ನೇರವಾಗಿ ಹೇಳಿದ್ರೆ ನಂಬಲೇಬಾರ್ದು ಅಕ್ಕಾ. ಅದು ದಾರಿ ತಪ್ಪಿಸೋಕೆ." ಈ ಮಾತನ್ನು ಅವನು ಎಂಥ ಗಾಂಭೀರ್ಯದಿಂದ ಹೇಳಿದನೆಂದರೆ ನಾನು ನಗುವುದನ್ನೂ ಮರೆತೆ.

ಮೊದಲು ಬಿಸಿ ತಟ್ಟಿದ್ದು ಅಂಗಡಿಗೆ. ಬ್ಯಾಂಕಿನ ಮ್ಯಾನೇಜರರೊಬ್ಬರು ಪ್ಯಾಂಟು ತಂದು ಕೊಟ್ಟರು. ಇವನು ಅದನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದ.

"ಹುಲ್ಲಿನ ಕಲೆ. ಎರಡೂ ಮಂಡಿಗೆ. ಬ್ಯಾಂಕಲ್ಲಿ ಹುಲ್ಲು ಎಲ್ಲಿಂದ ಬಂತು ಸಾರ್?"

"ಮಗನ ಜೊತೆ ಆಡ್ತಾ ಇದ್ದೆ ಕಣ್ರೀ, ಪಾರ್ಕಲ್ಲಿ."

"ಯಾವ ಪಾರ್ಕು? ನಿಮ್ಮನ್ನ ಅಲ್ಲಿ ನೋಡಿದೋರು ಯಾರಾದ್ರೂ ಇದಾರಾ?"

ಮ್ಯಾನೇಜರರು ಪ್ಯಾಂಟನ್ನು ಕಿತ್ತುಕೊಂಡು ಹೋದವರು ಮತ್ತೆ ಆ ರಸ್ತೆಗೇ ಬರಲಿಲ್ಲ. ಅಂಗಡಿಯ ಮಾಲೀಕರು ಇವನನ್ನು ಕೂರಿಸಿ ಬುದ್ಧಿ ಹೇಳಿದರು. ಕಲೆ ಯಾವುದರದು ಎಂದಷ್ಟೇ ಕೇಳು, ಯಾಕೆ ಆಯಿತು ಎಂದು ಕೇಳಬೇಡ ಎಂದರು. ಇವನು ತಲೆಯಾಡಿಸಿ, ಮಾಲೀಕರು ಯಾರನ್ನೋ ಕಾಪಾಡುತ್ತಿದ್ದಾರೆ ಎಂದು ನನ್ನ ಬಳಿ ಬಂದು ಪಿಸುಗುಟ್ಟಿದ.

ಇನ್ನು ಅವನ ಹೆಂಡತಿಯ ವಿಷಯ. ನಾನು ಕೆಳಗಿನ ಮನೆಯಲ್ಲಿ, ಅವರಿಬ್ಬರು ಮೇಲಿನ ಮನೆಯಲ್ಲಿ. ನನಗೆ ಅವಳು ತಮ್ಮನಿಗಿಂತ ಒಂದು ಕೈ ಹೆಚ್ಚು, ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಂಡಿಲ್ಲ. ಅವಳು ಹಲ್ಲಿನ ಡಾಕ್ಟರಮ್ಮನ ಸಹಾಯಕಿ. ಕುರ್ಚಿಯಲ್ಲಿ ಬಾಯಿ ಅಗಲಿಸಿ ಕೂತವರು ಆ ಆ ಎಂದರೆ ನೋವು ಮೇಲಿನ ಸಾಲಿನಲ್ಲೋ ಕೆಳಗಿನ ಸಾಲಿನಲ್ಲೋ ಎಂದು ಅವಳಿಗೆ ತಿಳಿಯುತ್ತದೆ. ಬಾಯಿ ಮುಚ್ಚಿಕೊಂಡು ಕೂತ ಗಂಡನ ಮನಸ್ಸಿನಲ್ಲಿ ಏನಿದೆ ಎಂದು ಮಾತ್ರ ತಿಳಿಯದು.

ಡಾಕ್ಟರಮ್ಮ ಸಮುದ್ರ ತೀರದ ಒಂದು ಊರಿನಲ್ಲಿ ಇನ್ನೊಂದು ದವಾಖಾನೆ ತೆರೆಯುವವರಿದ್ದರು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅದನ್ನು ನೀನೇ ನೋಡಿಕೋ, ಮೇಲೆಯೇ ಮನೆಯಿದೆ, ಗಂಡನನ್ನೂ ಕರೆದುಕೊಂಡು ಬಾ ಎಂದು ಇವಳಿಗೆ ಹೇಳಿದರು. ಆಗ ಮೇಲಿನ ಮನೆಯಲ್ಲಿ ದೀಪಸ್ತಂಭದ ಆಟ ನಡೆಯುತ್ತಿತ್ತು. ದೀಪಸ್ತಂಭ ಕಾಯುವವನ ಹೆಂಡತಿ ಮನೆ ಬಿಟ್ಟು ಹೋಗಿದ್ದಳು, ಯಾಕೆ ಹೋದಳು ಎಂದು ನನ್ನ ತಮ್ಮ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೈಯೆಲ್ಲ ಕಣ್ಣಾಗಿ ಹುಡುಕುತ್ತಿದ್ದ. ಆ ಸಂಜೆ ಅವಳು ಮೆಟ್ಟಿಲಿಳಿದು ನನ್ನ ಅಡುಗೆಮನೆಗೆ ಬಂದಳು.

"ಅವ್ರನ್ನ ಕೇಳ್ದೆ ಅತ್ತಿಗೆ. ಹೋಗ್ಲಾ ಅಂದೆ. ಹೂಂ ಅಂದ್ರು."

"ನೀನೂ ಬಾ ಅಂತ ಕರೆದ್ಯಾ?"

"ಕರೆದೆ. ಆಟ ಸೇವ್ ಮಾಡಿ ಬರ್ತೀನಿ ಅಂದ್ರು."

ನಾನು ಕೊಟ್ಟ ಟೀ ಕುಡಿದು ಲೋಟ ಕೆಳಗಿಟ್ಟಳು. ಆಮೇಲೆ ಕೇಳಿದಳು, "ಅತ್ತಿಗೆ, ಅದು ನಿಜವಾದ ಹೂಂ ತಾನೆ?"

"ಅವನ ಹೂಂಗೆ ನಾನು ಜಾಮೀನು ನಿಲ್ಲಲ್ಲಮ್ಮ. ಇನ್ನೊಂದ್ಸಲ ಕೇಳು," ಎಂದೆ.

ಕೇಳಿದಳು. "ಹೂಂ ಅಂದ್ನಲ್ಲ," ಎಂದನಂತೆ. ಬೇಡ ಎಂದಿದ್ದರೆ ಅವಳು ಹೋಗುತ್ತಿರಲಿಲ್ಲ. ನಾನೂ ಬರುತ್ತೇನೆ ಎಂದಿದ್ದರೆ ಕುಣಿದುಕೊಂಡು ಹೋಗುತ್ತಿದ್ದಳು. ತಲೆಯೆತ್ತಿ ನೋಡದೆ ಹೂಂ ಎಂದು ಕಳಿಸಿಕೊಡುವ ಮನೆಯಲ್ಲಿ ತಾನು ಇದ್ದರೆಷ್ಟು, ಇಲ್ಲದಿದ್ದರೆಷ್ಟು ಎಂಬ ಸಂಕಟ ಅವಳದು. ಅದನ್ನು ನುಂಗಿಕೊಂಡು ಡಾಕ್ಟರಮ್ಮನಿಗೆ ಒಪ್ಪಿಗೆ ಕೊಟ್ಟಳು. ಗಂಡ ಹೆಂಡತಿ ಕೂತು ಮಾತಾಡಿ ತೀರ್ಮಾನ ಮಾಡಿದ್ದಾರೆ ಎಂದು ಉಳಿದವರೆಲ್ಲ ತಿಳಿದರು.

ಪತ್ತೇದಾರನ ಕಣ್ಣಿಗೆ ಸುಳಿವುಗಳು ಬೀಳತೊಡಗಿದ್ದು ಆಮೇಲೆ. ಹೆಂಡತಿ ಬಾಲ್ಕನಿಗೆ ಹೋಗಿ ಮೆಲ್ಲಗೆ ಫೋನಿನಲ್ಲಿ ಮಾತಾಡುತ್ತಾಳೆ. ಒಳಗೆ ಮಾತಾಡಿದರೆ ಪಿಯಾನೋ ಕೇಳಿಸುವುದಿಲ್ಲ ಎಂದು ರೇಗಿದವನು ಇವನೇ, ಅದು ಮರೆತುಹೋಗಿತ್ತು. ಅವಳ ಕೀಗೊಂಚಲಿನಲ್ಲಿ ಹೊಸ ಕೀಲಿಕೈ. ಮಂಚದ ಕೆಳಗೆ ಹೊಸ ಸೂಟ್‌ಕೇಸು. ಇವನು ಅಂಗಡಿಯಿಂದ ನಂಬರಿನ ಚೀಟಿಗಳನ್ನು ತಂದು, ಒಂದೊಂದು ಸುಳಿವಿಗೆ ಒಂದೊಂದು ಚೀಟಿಯಂತೆ ತನ್ನ ಮರದ ಬೀರುವಿನ ಬಾಗಿಲ ಒಳಮೈಗೆ ಪಿನ್ನಿನಿಂದ ಚುಚ್ಚಿದ. ಚೀಟಿಯಿಂದ ಚೀಟಿಗೆ ಕೆಂಪು ಉಲ್ಲನ್ ದಾರ ಎಳೆದ. ಆ ದಾರ ಅವಳು ಹೆಣೆಯುತ್ತಿದ್ದ ಸ್ವೆಟರಿನದು. ಸ್ವೆಟರು ಇವನಿಗೇ.

ಹೆಂಡತಿಯನ್ನೇ ಕೇಳಬಹುದಿತ್ತು. ಆದರೆ ಪತ್ತೇದಾರ ಎಂದಾದರೂ ನೇರವಾಗಿ ಕೇಳುತ್ತಾನೆಯೇ? ನನ್ನ ಬಳಿ ಬಂದ.

"ಅಕ್ಕಾ, ಗುರುವಾರ ಸಂಜೆ ಎಲ್ಲಿದ್ದೆ?"

"ನಿನ್ನ ಹೆಂಡ್ತಿ ಜೊತೆ ಪರದೆ ಬಟ್ಟೆ ತರೋಕೆ ಹೋಗಿದ್ದೆ. ಆ ಹೊಸ ಮನೆ ಕಿಟಕಿಗೆ."

ಅವನು ನನ್ನನ್ನು ದಿಟ್ಟಿಸಿ ನೋಡಿ, ಕಳ್ಳನಗೆ ನಕ್ಕ. "ಇಷ್ಟು ಸುಲಭವಾಗಿ ಬಾಯಿಬಿಟ್ಟೆಯಲ್ಲ," ಎಂದು ಹೊರಟೇಹೋದ. ಎಲ್ಲ ತಿಳಿದೂ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಬೀರುವಿನ ಬಾಗಿಲಿನಲ್ಲಿ ನನ್ನ ಹೆಸರಿಗೂ ಒಂದು ಚೀಟಿ ಬಿದ್ದದ್ದು, ಅದರ ಕೆಳಗೆ 'ಸುಳ್ಳು' ಎಂದು ಬರೆದದ್ದು ಆಮೇಲೆ ಗೊತ್ತಾಯಿತು.

ಭಾನುವಾರ ಸಂಜೆ ಎಲ್ಲರನ್ನೂ ಮೇಲಿನ ಮನೆಗೆ ಕರೆದ. ಅವನ ಆಟಗಳೆಲ್ಲ ಮುಗಿಯುವುದು ಹಾಗೆಯೇ ಅಂತೆ, ಸಂಬಂಧಪಟ್ಟವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಗುಟ್ಟು ಒಡೆಯುವುದು. ಕುರ್ಚಿಗಳನ್ನು ಅರ್ಧಚಂದ್ರಾಕಾರವಾಗಿ ಹಾಕಿದ್ದ. ಕಿಟಕಿಯ ಪರದೆ ಎಳೆದಿದ್ದ. ನಾನು, ಡಾಕ್ಟರಮ್ಮ, ಅಂಗಡಿಯ ಮಾಲೀಕರು ಕೂತೆವು. ಡಾಕ್ಟರಮ್ಮನ ಕೈಯಲ್ಲಿ ಹೂಗುಚ್ಛವಿತ್ತು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಒಳಕೋಣೆಯಿಂದ ನನ್ನ ತಮ್ಮ ಹೊರಬಂದ, ಮೊಣಕಾಲಿಗಿಂತ ಕೆಳಗೆ ಇಳಿದ ಉದ್ದ ಕೋಟು ಹಾಕಿಕೊಂಡು.

"ಅದು ಗಿರಾಕಿದು ಕಣಯ್ಯಾ! ಯಾರೂ ಬಂದು ಕೇಳಿಲ್ಲ ಅಂತ ಮನೆಗೆ ತಂದುಬಿಟ್ಯಾ? ಬಿಚ್ಚು ಮೊದ್ಲು!" ಎಂದು ಮಾಲೀಕರು ಎದ್ದು ನಿಂತರು.

ಇವನು ಕೈಯೆತ್ತಿ ಅವರನ್ನು ತಡೆದ. ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದ. ಕಿಟಕಿ ನೋಡಿದ. ಪರದೆ ಎಳೆದಿತ್ತು, ಆದರೂ ನೋಡಿದ.

"ಈ ಮನೆಯಿಂದ ಒಬ್ರು ಕಾಣೆಯಾಗೋಕೆ ಹೊರಟಿದಾರೆ," ಎಂದ.

ಬೀರುವಿನ ಬಾಗಿಲು ತೆರೆದು ತೋರಿಸಿದ. ಚೀಟಿಗಳು, ಪಿನ್ನುಗಳು, ಅಡ್ಡಾದಿಡ್ಡಿ ಕೆಂಪು ದಾರ.

"ಅಯ್ಯೋ, ನನ್ನ ಉಲ್ಲನ್ನು! ಎಲ್ಲೆಲ್ಲಿ ಹುಡುಕ್ದೆ!" ಎಂದಳು ಹೆಂಡತಿ.

ಅವನು ನಿಲ್ಲಿಸಲಿಲ್ಲ. ಬಾಲ್ಕನಿ, ಕೀಲಿಕೈ, ಸೂಟ್‌ಕೇಸು, ಅವಳ ದವಾಖಾನೆಯ ಕೋಟಿನ ಜೇಬಿನಲ್ಲಿ ಸಿಕ್ಕ ಬಸ್ಸಿನ ಟಿಕೆಟ್ಟು, ಎಲ್ಲವನ್ನೂ ಒಂದಕ್ಕೊಂದು ಪೋಣಿಸಿದ. ಪೋಣಿಸುತ್ತ ಹೋದಂತೆ ಅವನ ದನಿ ಸಣ್ಣಗಾಯಿತು. "ಮಂಗಳವಾರ ಬೆಳಿಗ್ಗೆ ಬಸ್ಸಿಗೆ ಇವ್ಳು ನನ್ನ ಬಿಟ್ಟು ಹೋಗ್ತಾಳೆ. ಸಮುದ್ರದ ಕಡೆ ಊರಿಗೆ," ಎಂದು ಕೈಚೆಲ್ಲಿ ನಿಂತ.

ಕೋಣೆಯಲ್ಲಿ ಯಾರೂ ಬೆಚ್ಚಿಬೀಳಲಿಲ್ಲ. ಡಾಕ್ಟರಮ್ಮ ಹೂಗುಚ್ಛವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಹೌದಲ್ಲ. ಅದಕ್ಕೇ ತಾನೆ ನಾವೆಲ್ಲ ಬಂದಿರೋದು? ಬೀಳ್ಕೊಡುಗೆ ಅಂದ್ಕೊಂಡೆ ನಾನು."

"ನನಗೂ ಗೊತ್ತಿತ್ತು. ನೀನೂ ಕೆಲಸ ಬಿಟ್ಟು ಹೋಗ್ಬಹುದು, ಬೇರೆ ಯಾರನ್ನಾದ್ರೂ ನೋಡ್ಕೊಂಡಿರಿ ಅಂತ ನಿನ್ನ ಹೆಂಡ್ತೀನೇ ಬಂದು ಹೇಳಿದ್ಳಲ್ಲ," ಎಂದರು ಮಾಲೀಕರು.

ಅವನು ನನ್ನ ಕಡೆ ತಿರುಗಿದ. "ನಾನು ಗುರುವಾರದ ಮಾತು ಹೇಳಿದ್ನಲ್ಲೋ," ಎಂದೆ.

"ಹಾಗಾದ್ರೆ ಎಲ್ಲರಿಗೂ ಗೊತ್ತು! ನನಗೊಬ್ಬನಿಗೇ ಯಾಕೆ ಹೇಳ್ಲಿಲ್ಲ?"

ಅವಳು ಬಾಗಿಲು ಬಿಟ್ಟು ಮುಂದೆ ಬಂದಳು. ಹಲ್ಲು ಕೀಳಿಸಿಕೊಳ್ಳಲು ಬಂದವರ ಹತ್ತಿರ ಮಾತಾಡುವ ಅದೇ ಮೆಲುದನಿಯಲ್ಲಿ ಹೇಳಿದಳು: "ನಿಮಗೇ ಮೊದ್ಲು ಹೇಳಿದ್ದು. ಹೋಗ್ಲಾ ಅಂದೆ, ಹೂಂ ಅಂದ್ರಿ. ಮತ್ತೆ ಕೇಳ್ದೆ, ಹೂಂ ಅಂದ್ನಲ್ಲ ಅಂದ್ರಿ. ನೀವೂ ಬನ್ನಿ ಅಂದೆ, ಸೇವ್ ಮಾಡಿ ಬರ್ತೀನಿ ಅಂದ್ರಿ. ಆಗ ನೀವು ಆ ದೀಪಸ್ತಂಭದವನ ಹೆಂಡ್ತಿ ಯಾಕೆ ಮನೆ ಬಿಟ್ಟು ಹೋದ್ಲು ಅಂತ ಹುಡುಕ್ತಾ ಇದ್ರಿ."

ನನ್ನ ತಮ್ಮ ಬೆಪ್ಪಾಗಿ ನಿಂತಿದ್ದ, ಯಾರದೋ ಕೋಟಿನೊಳಗೆ. ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ ಎರಡು ಬಿಗಿಯೋಣ ಅನ್ನಿಸಿತು, ಅಷ್ಟೇ ಮರುಕವೂ ಬಂತು. ಡಾಕ್ಟರಮ್ಮ ಹೂಗಳನ್ನು ಟೀಪಾಯಿಯ ಮೇಲಿಟ್ಟು ಎದ್ದರು. ಹೋಗುವಾಗ ಮಾಲೀಕರು ಕೋಟು ಬಿಚ್ಚಿಸಿಕೊಂಡು ಹೋದರು.

ಮಂಗಳವಾರ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಲು ನಾನೂ ತಮ್ಮನೂ ಹೋದೆವು. ಸೂಟ್‌ಕೇಸು ಅವನ ಕೈಯಲ್ಲಿ. ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ. ಆ ಮನೆಯ ಕಿಟಕಿ ಯಾವ ಕಡೆಗಿದೆ? ನೀರು ಚೆನ್ನಾಗಿ ಬರುತ್ತದೆಯೇ? ಪಕ್ಕದಲ್ಲಿ ಯಾರಿದ್ದಾರೆ? ಒಬ್ಬಳೇ ಇರಲು ಭಯವಾಗುವುದಿಲ್ಲವೇ? ಅವಳ ಹತ್ತಿರ ಹೊಸ ಮಾತು ಒಂದೂ ಉಳಿಯದ ತನಕ ಕೇಳಿದ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರು ಸೀಟಿ ಊದಿದ. ಆಗ ಇವನು ಕಿಟಕಿಯ ಸರಳು ಹಿಡಿದುಕೊಂಡು, ಕೇಳಬೇಕಾಗಿದ್ದ ಒಂದೇ ಒಂದನ್ನು ಕೊನೆಗೆ ಕೇಳಿದ.

"ನಾನೂ ಬರ್ಲಾ?"

ಅವಳು ಫೋನಿನಲ್ಲಿ ಡಾಕ್ಟರಮ್ಮನಿಗೆ ಏನೋ ಬರೆಯುತ್ತಿದ್ದಳು. ತಲೆಯೆತ್ತಲಿಲ್ಲ.

"ಹೂಂ," ಎಂದಳು.

ಬಸ್ಸು ಹೊರಟುಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದ. ಮನೆಯ ಕಡೆ ಅರ್ಧ ದಾರಿ ಬಂದ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿದ.

"ಅಕ್ಕಾ, ಅವಳು ನನ್ನ ಮಾತು ಕೇಳಿಸ್ಕೊಂಡೇ ಹೂಂ ಅಂದ್ಲಾ? ಸುಮ್ನೆ ಅಂದ್ಲಾ? ಅದು ನಿಜವಾದ ಹೂಂ ತಾನೆ?"

"ಇದೇ ಮಾತು ಕೇಳ್ಕೊಂಡು ಅವಳು ನನ್ನ ಅಡುಗೆಮನೇಲಿ ಕೂತಿದ್ಳು ಕಣೋ, ನಿನ್ನ ಹೂಂ ಹಿಡ್ಕೊಂಡು. ನನಗೆ ಆವತ್ತೂ ಗೊತ್ತಿರ್ಲಿಲ್ಲ, ಇವತ್ತೂ ಗೊತ್ತಿಲ್ಲ," ಎಂದೆ.

ಅವನ ಮುಖ ನೋಡಲಾಗಲಿಲ್ಲ. ಆಮೇಲೆ ತಿರುಗಿ, ಬಂದ ದಾರಿಯಲ್ಲೇ ಬಸ್ ನಿಲ್ದಾಣದ ಕಡೆ ಬಿರಬಿರನೆ ನಡೆದ. ಕೈಯಲ್ಲಿ ಚೀಲವಿಲ್ಲ, ಮೈಮೇಲೆ ಅಂಗಡಿಗೆ ಹೋಗುವ ಅಂಗಿ. ಕೂಗಲಿಲ್ಲ ನಾನು. ಮಧ್ಯಾಹ್ನ ಮಾಲೀಕರು ನನ್ನ ಮನೆಯ ಬಾಗಿಲು ಬಡಿದರು. ಅಂಗಡಿಯ ಕೀಲಿಕೈ ಅವನ ಜೇಬಿನಲ್ಲೇ ಹೋಗಿತ್ತು, ಹೊರಗೆ ಗಿರಾಕಿಗಳು ಕಾಯುತ್ತಿದ್ದರು.

"ಎಲ್ಲಿ ಹೋದ್ನಮ್ಮ ನಿಮ್ಮ ಪತ್ತೇದಾರ?"

"ಹೆಂಡ್ತೀನ ಒಂದು ಮಾತು ಕೇಳೋಕೆ," ಎಂದೆ.