ನೋಡುವಾಸುರ ಕಾಳಗ

ಬಹರೈನಿನ ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಕೆಳಗಿನ ಕೋಣೆಯಲ್ಲಿದ್ದವರು ಮಹಾಬಲಣ್ಣ. ಹೊಟ್ಟೆಪಾಡಿಗೆ ಎ.ಸಿ. ರಿಪೇರಿ, ಅಣಕವಾಡುವುದು ಹುಟ್ಟುಗುಣ. ಊರಿನ ಯಕ್ಷಗಾನ ಮೇಳದಲ್ಲಿ ಹಾಸ್ಯಗಾರರಾಗಿದ್ದವರು ಎಪ್ಪತ್ತಾರನೇ ಇಸವಿಯಲ್ಲಿ ಇಲ್ಲಿಗೆ ಬಂದರು. ಇಲ್ಲಿ ಚೆಂಡೆ ಇರಲಿಲ್ಲ, ಹಾಲಿನ ಪುಡಿಯ ಡಬ್ಬಿ ಇತ್ತು. ಅದನ್ನೇ ಬಾರಿಸುತ್ತ ರೇಡಿಯೊ ವಾರ್ತೆಯನ್ನೂ ಸಾಬೂನಿನ ಜಾಹೀರಾತನ್ನೂ ಭಾಗವತರ ಧಾಟಿಯಲ್ಲಿ ಹಾಡುತ್ತಿದ್ದರು. ನನ್ನ ಮಗ ಬಾಯಿ ತೆರೆದು ಉಣ್ಣಲು ಕಲಿತದ್ದೇ ಅವರ ‘ಗಂಜಿ ಕಾಳಗ’ ಕೇಳಿ.

ಎಂಬತ್ತೊಂದರಲ್ಲಿ ಊರಿನಲ್ಲಿ ಅವರಿಗೆ ಮಗಳು ಹುಟ್ಟಿದಳು. ಸೂಪರ್‌ವೈಸರ್ ಮುಂಡಪ್ಪಣ್ಣನ ಬಳಿ ರಜೆ ಕೇಳಿದರು. “ನೋಡುವಾ” ಎಂಬ ಉತ್ತರ ಬಂತು. ನಮ್ಮ ಕಡೆಯ ‘ನೋಡುವಾ’ ಹೌದೂ ಅಲ್ಲ, ಇಲ್ಲವೂ ಅಲ್ಲ. ಧಣಿಯಾದ ಅರಬಾಬನನ್ನು ಕೇಳಿದರೆ, “ಮುಂಡಪ್ಪ ಇಲ್ಲ ಅಂದನಾ? ಅಂದರೆ ನನ್ನ ಹತ್ತಿರ ಬಾ, ಅಲ್ಲಿಯವರೆಗೆ ಕಾದಿರು” ಎನ್ನುತ್ತಿದ್ದ. ಮಗು ಅಂಬೆಗಾಲಿಟ್ಟರೂ ಉತ್ತರ ಬದಲಾಗಲಿಲ್ಲ.

ಆ ವರ್ಷ ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಮಹಾಬಲಣ್ಣ ‘ನೋಡುವಾಸುರ ಕಾಳಗ’ ಬರೆದರು.

“ಬೇಡ ಮಹಾಬಲಣ್ಣ, ಸಿಗುವ ರಜೆಯೂ ಹೋದೀತು,” ಎಂದೆ.

“ಇದ್ದರೆ ಅಲ್ವಾ ಹೋಗ್ಲಿಕ್ಕೆ? ನೀವು ಕಿರೀಟಕ್ಕೆ ಬೇಗಡೆ ಅಂಟಿಸಿ ಕೊಡಿ ಸರೋಜಿನಿಯಕ್ಕ.”

ಮಡಿಲಲ್ಲಿ ಮಲಗಿದ್ದ ಮಗ ಏಳದ ಹಾಗೆ, ಚಾಕೊಲೇಟಿನ ಬೇಗಡೆ ಕತ್ತರಿಸಿ ಅಂಟಿಸಿಕೊಟ್ಟೆ.

ವೇದಿಕೆಯ ಮೇಲೆ ದೂತ ಮಂಡಿಯೂರಿದ. “ಪ್ರಭೂ, ಮಗಳಿಗೆ ಹಲ್ಲು ಬಂತು!”

“ನೋಡುವಾ!” ಕಿರೀಟ ತೊಟ್ಟ ಮಹಾಬಲಣ್ಣ ಅಬ್ಬರಿಸಿದರು.

“ಪ್ರಭೂ, ಮಗಳಿಗೆ ಮದುವೆ!”

“ನೋಡುವಾ!”

“ಪ್ರಭೂ, ನನ್ನ ಹಲ್ಲೇ ಹೋಯ್ತು!”

ಈ ಸಲ ಅಸುರ ಬಾಯಿ ತೆರೆಯುವ ಮೊದಲೇ ಸಭೆಗೆ ಸಭೆಯೇ “ನೋಡುವಾ!” ಎಂದಿತು.

ಆಟ ಮುಗಿದದ್ದೇ ಮುಂಡಪ್ಪಣ್ಣ ಬಣ್ಣ ಹಚ್ಚುವ ಚೌಕಿಗೆ ನುಗ್ಗಿದರು. ಅರ್ಧ ಬಣ್ಣ ತೆಗೆದ ವೇಷಧಾರಿಗಳೆಲ್ಲ ಅಲ್ಲೇ ಇದ್ದರು.

“ಎಂಥ ಮಾರಾಯ, ನನ್ನನ್ನಾ ಹೇಳಿದ್ದು?”

“ಛೆ ಛೆ, ಅಸುರನನ್ನು. ಅದಿರ್ಲಿ, ನನ್ನ ರಜೆ ಏನಾಯ್ತು ಮುಂಡಪ್ಪಣ್ಣ?”

“ನೋ...” ಎಂದವರು ಸುತ್ತಲಿನ ಮುಖಗಳನ್ನು ಕಂಡು ತಡೆದರು. ಕಿವಿ ಕೆಂಪಾಯಿತು. “ಇಲ್ಲ! ರಜೆ ಇಲ್ಲ! ಸಾಕಾ?”

“ಧಾರಾಳ. ಇಷ್ಟು ದಿವಸ ಇದನ್ನೇ ಕೇಳಿದ್ದು ನಾನು.”

ಮರುದಿನ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿ, ಆ ‘ಇಲ್ಲ’ ಹಿಡಿದುಕೊಂಡು ನೇರ ಅರಬಾಬನ ಬಾಗಿಲಿಗೆ ಹೋದರು. ಸಂಬಳವಿಲ್ಲದ ರಜೆ ಸಿಕ್ಕಿತು. ಊರಿಗೆ ಹೋಗಿ ಮಗಳನ್ನು ಎತ್ತಿ ಆಡಿಸಿ ಬಂದರು.

ಮರಳುವಷ್ಟರಲ್ಲಿ ಮುಂಡಪ್ಪಣ್ಣ ಅವರನ್ನು ರಿಫಾದ ಸೈಟಿಗೆ, ಸುಡುಬಿಸಿಲಿನ ತಾರಸಿ ಕೆಲಸಕ್ಕೆ ಹಾಕಿದ್ದರು. ಮಹಾಬಲಣ್ಣ ದೂರಲಿಲ್ಲ, ಬರೆಯುವುದನ್ನು ಬಿಡಲೂ ಇಲ್ಲ. ಆಮೇಲೆ ಪ್ರತಿ ವರ್ಷವೂ ಸಂಘದ ಅಣಕು ಪ್ರಸಂಗ ಅವರದೇ. ಬರೆಯುವ ಮೊದಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.